ಬಾಯಲ್ಲಿ ತಂದ ಸದ್ದು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕತ್ತೆ ನಾನೇ. ಉಳಿದವರ ಗಾಡಿಗಳು ಬ್ರೇಕ್ ಹಿಡಿಯದೆ ಹೋದವು, ಕಾಲುವೆಗೆ ಬಿದ್ದು ಹೋದವು, ಅಣ್ಣತಮ್ಮಂದಿರು ಪಾಲಾಗುವಾಗ ಹಿತ್ತಿಲಲ್ಲಿ ನಿಂತು ತುಕ್ಕು ಹಿಡಿದು ಹೋದವು. ನನ್ನ ಪಿಕಪ್ ಹೋದದ್ದು ನನ್ನ ಬಾಯಿಂದ. ಈಗಲೂ ಯಳಂದೂರಿನ ರಸ್ತೆಯಲ್ಲಿ ಒಂದು ಹಳೆಯ ಹಸಿರು ಪಿಕಪ್ ನಾನು ಕೂತ ಬಸ್ಸನ್ನು ದಾಟಿ ಹೋದರೆ, ಬಸ್ಸಿನವರೆಲ್ಲ ಅದರ ಮುಖ ನೋಡುತ್ತಾರೆ. ನಾನು ಅದರ ಬೆನ್ನು ನೋಡುತ್ತೇನೆ. ನೋಡಿ, ಮುಖ ಆ ಕಡೆ ತಿರುಗಿಸುತ್ತೇನೆ. ಕಾರಣ ಮುಂದೆ ಬರುತ್ತದೆ.

ನನ್ನ ಬಾಯಿಗೆ ಬಾರದ ಸದ್ದು ಇರಲಿಲ್ಲ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಕಂಡಕ್ಟರ್ ಮೂಗಿನಲ್ಲಿ ಊರುಗಳ ಹೆಸರು ಕೂಗುವುದು, ನಮ್ಮ ಬೀದಿಯ ಮಗ್ಗಗಳ ಲಟಕ್ ಪಟಕ್, ಎದುರು ಮನೆಯ ಅಜ್ಜಿ ನಶ್ಯ ಏರಿಸಿ ಸೀನುವುದು, ನಮ್ಮವ್ವ ನನ್ನನ್ನು ಬೈದು ಮುಗಿಸಿ ಉಸಿರು ಎಳೆದುಕೊಳ್ಳುವುದು, ಎಲ್ಲ ಬರುತ್ತಿತ್ತು. ಅವ್ವ ಕದುರಿಗೆ ನೂಲು ಸುತ್ತುತ್ತ, "ಎಲ್ಲಾರ್ ತರಾನೂ ಮಾಡ್ತೀಯಲ್ಲ, ನಿನ್ ತರ ಒಂದ್ ಕಿತ ಮಾಡ್ಲಾ ನೋಡನ," ಎನ್ನುತ್ತಿದ್ದಳು. ನಾನು ಮಗ್ಗದ ಮುಂದೆ ಕೂತು, ದಾರ ಹರಿದುಕೊಂಡು, ತಲೆ ಕೆರೆಯುವುದನ್ನು ಮಾಡಿ ತೋರಿಸುತ್ತಿದ್ದೆ. ಅವಳಿಗೆ ನಗು ತಡೆಯುತ್ತಿರಲಿಲ್ಲ. ನೇಯ್ಗೆಯಲ್ಲಿ ನಾನು ಅಷ್ಟು ಗಟ್ಟಿಗ. ನಾನು ನೇಯ್ದ ಸೀರೆಯ ಅಂಚು ಹಾವು ಹರಿದ ಹಾಗೆ ಹೋಗುತ್ತದೆಂದು ನಮ್ಮಪ್ಪ ನನ್ನನ್ನು ಮಗ್ಗದಿಂದ ಎಬ್ಬಿಸಿದ್ದ.

ಎಬ್ಬಿಸಿದ ಮೇಲೆ ನಾನು ಹತ್ತಿದ್ದು ಪಿಕಪ್ಪನ್ನು. ಬಿಳಿಗಿರಿ ಬೆಟ್ಟದ ಕಾಫಿ ತೋಟದ ದೊರೆ ತನ್ನ ಸೀಮೆಗೆ ವಾಪಸು ಹೋಗುವಾಗ ಎರಡು ಪಿಕಪ್ ಬಿಟ್ಟುಹೋಗಿದ್ದನಂತೆ. ಒಂದೇ ಕಂಪನಿ, ಒಂದೇ ವರ್ಷದ್ದು, ಅಕ್ಕ ತಂಗಿಯ ಹಾಗೆ. ಒಂದನ್ನು ನನ್ನ ಸೋದರಮಾವ ಕೊಂಡುಕೊಂಡು, ಓಡಿಸಲಾಗದೆ, ಅದರೊಳಗೆ ಕೋಳಿ ಸಾಕಿ, ಕೊನೆಗೆ ನನ್ನ ತಲೆಗೆ ಕಟ್ಟಿದ. ಇನ್ನೊಂದು ಯಳಂದೂರಿಗೆ ಹೋಯಿತು. ನಮ್ಮದಕ್ಕೆ ಮದ್ರಾಸಿನ ಕಾಲದ ನಂಬರು, ಯಳಂದೂರಿನದಕ್ಕೆ ಮೊದಲಿನಿಂದ ಮೈಸೂರಿನ ನಂಬರು. ಕೊಳ್ಳೇಗಾಲ ಮೈಸೂರಿಗೆ ಸೇರಿ ವರ್ಷಗಳಾಗಿದ್ದರೂ ಯಳಂದೂರಿನವರು ನಮ್ಮನ್ನು "ಏನಪ್ಪ ಮದ್ರಾಸು" ಎಂದೇ ಮಾತನಾಡಿಸುತ್ತಿದ್ದರು. ಹೊಟ್ಟೆಕಿಚ್ಚು ಅಲ್ಲಿಂದಲೇ ಶುರು ಅನ್ನಬಹುದು.

ಅರವತ್ತರ ದಶಕ ನಡುವಿಗೆ ಬರುವ ಹೊತ್ತಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಸೇರಿ ಇಂಥ ಹಳೆಯ ಪಿಕಪ್ಪುಗಳನ್ನು ಕಟ್ಟಿಕೊಂಡು ಒದ್ದಾಡುವ ಹುಚ್ಚರು ಒಂದು ಗುಂಪಾಗಿದ್ದೆವು. ಊರಿನವರು ನಮಗೆ ಇಟ್ಟ ಹೆಸರು ಗುಜರಿ ಸಂಘ. ಭಾನುವಾರ ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಸೇರುತ್ತಿದ್ದೆವು. ಶೆಡ್ಡು ಮೇಸ್ತ್ರಿಯದು. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದ ಮುದುಕ, ಬಾಯಿ ಬಿಟ್ಟರೆ ಬೈಗುಳ, ಮುಚ್ಚಿದರೆ ಬೀಡಿ. ಹೊಸ ಸಾಮಾನು ಎಲ್ಲಿಯೂ ಸಿಗುತ್ತಿರಲಿಲ್ಲ. ಸ್ಪ್ರಿಂಗಿನ ಪಟ್ಟಿಯನ್ನು ಕುಲುಮೆಯಲ್ಲಿ ಬಡಿಸಿ ತರುತ್ತಿದ್ದೆವು, ಪಿಸ್ಟನ್ ರಿಂಗ್ ಬೇರೆ ಯಾವುದೋ ಗಾಡಿಯದನ್ನು ಉಜ್ಜಿ ಉಜ್ಜಿ ಕೂರಿಸುತ್ತಿದ್ದೆವು. ಗ್ಯಾಸ್ಕೆಟ್ ಕತ್ತರಿಸುವ ರಟ್ಟು ಮಾತ್ರ ನಮ್ಮ ಬೀದಿಯದು. ಜಕಾರ್ಡ್ ಮಗ್ಗಕ್ಕೆ ತೂತು ಹೊಡೆಯಲು ತಂದಿಟ್ಟ ದಪ್ಪ ರಟ್ಟನ್ನು ನಾನು ಅಪ್ಪನ ಕಣ್ಣು ತಪ್ಪಿಸಿ ತಂದುಕೊಡುತ್ತಿದ್ದೆ. ಸೀರೆಯ ಸೆರಗಿನಲ್ಲಿ ನವಿಲಾಗಬೇಕಿದ್ದ ರಟ್ಟು ಹನೂರಿನ ಯಾವನದೋ ಇಂಜಿನ್ನಿನಲ್ಲಿ ಎಣ್ಣೆ ಕುಡಿಯುತ್ತ ಕೂತಿರುತ್ತಿತ್ತು.

ಸಂಘಕ್ಕೆ ಒಂದೇ ಒಂದು ಕಟ್ಟುನಿಟ್ಟು. ಮೇಸ್ತ್ರಿ ಒಂದು ಗಾಡಿಯನ್ನು ನೋಡಿ "ಏಳಲ್ಲ" ಎಂದರೆ ಅದು ಏಳುವುದಿಲ್ಲ, ಮುಗಿಯಿತು. ಅದನ್ನು ಗುಜರಿಯವನಿಗೆ ಕೊಡುವಂತಿಲ್ಲ. ಬಿಚ್ಚಿ, ಉಳಿದ ಗಾಡಿಗಳಿಗೆ ಹಂಚಬೇಕು. ಅದೇ ಕಂಪನಿಯ ಗಾಡಿ ಯಾರದ್ದಿದೆಯೋ ಅವನು ಮೊದಲು ಆರಿಸಿಕೊಳ್ಳಬೇಕು. ತನ್ನ ಗಾಡಿಯ ಸ್ಟೇರಿಂಗು ಇನ್ನೊಬ್ಬನ ಕೈಯಲ್ಲಿ ತಿರುಗುವುದನ್ನು ನೋಡಿ ಕಣ್ಣೊರೆಸಿಕೊಂಡವರಿದ್ದರು, ಇಲ್ಲ ಎಂದವರಿರಲಿಲ್ಲ. ಏಕೆಂದರೆ ಅವರ ಗಾಡಿಯೂ ಒಂದು ಕಾಲದಲ್ಲಿ ಇನ್ನೊಂದರ ಮೂಳೆಯಿಂದ ಎದ್ದು ನಿಂತದ್ದೇ.

ಈಗ ಯಳಂದೂರಣ್ಣನ ವಿಷಯ. ನನಗಿಂತ ಹತ್ತಾರು ವರ್ಷ ದೊಡ್ಡವನು, ಸ್ವಲ್ಪ ಗದ್ದೆ, ಒಂದು ಅಕ್ಕಿ ಅಂಗಡಿ, ಮೆತ್ತಗಿನ ಮಾತು. ನಾನು ಅವನ ನಡಿಗೆಯನ್ನು, ಅವನು ಪಂಚೆ ಎತ್ತಿಕಟ್ಟಿ ಗಾಡಿ ಒರೆಸುವುದನ್ನು ಅವನೆದುರೇ ಮಾಡಿ ತೋರಿಸಿದರೂ ನಕ್ಕು, "ಇನ್ನೂ ಒಸಿ ಸೊಂಟ ಬಗ್ಸು ತಮ್ಮ, ಆಗ ಸರ್ಯಾಯ್ತದೆ," ಎಂದು ತಿದ್ದುವವನು. ಇಂಥವನ ಮೇಲೆ ಹೊಟ್ಟೆಕಿಚ್ಚುಪಡುವುದು ಬಹಳ ಕಷ್ಟದ ಕೆಲಸ. ಆದರೂ ನಾನು ಬಿಡದೆ ಮಾಡಿದೆ.

ಅವನ ಗಾಡಿ ಎಳೆ ಬಾಳೆಯ ಹಸಿರು. ಹಿಂದಿನ ತೊಟ್ಟಿಗೆ ಹೊನ್ನೆ ಮರದ ಹಲಗೆ. ಹಿತ್ತಾಳೆ ಇದ್ದಲ್ಲೆಲ್ಲ ಹುಣಸೇಹಣ್ಣು ಹಾಕಿ ಉಜ್ಜಿ ದೇವರ ದೀಪದ ಹಾಗೆ ಇಟ್ಟಿದ್ದ. ಇದೆಲ್ಲವನ್ನೂ ನಾನು ಸಹಿಸಿಕೊಂಡೇನು. ಸಹಿಸಲಾಗದ್ದು ಅವನ ಬಾಗಿಲು. ಎರಡು ಬಾಗಿಲೂ ಕಂಪನಿಯಿಂದ ಬಂದವೇ, ಒಂದು ಚೂರು ಸೊಟ್ಟವಿಲ್ಲ. ಬೆರಳಿನಿಂದ ತಳ್ಳಿದರೆ ಸಾಕು, ಠಪ್. ಒಂದೇ ಸದ್ದು. ಸಾಹುಕಾರರ ಮನೆಯ ಬೀರು ಮುಚ್ಚಿದ ಹಾಗೆ. ಆ ಠಪ್ಪನ್ನು ನಾನು ಎಷ್ಟು ಸಲ ಬಾಯಲ್ಲಿ ಮಾಡಿ ನೋಡಿದೆನೋ. ಬಾಯಿಗೆ ಬರುತ್ತಿತ್ತು, ಗಾಡಿಗೆ ಬರುತ್ತಿರಲಿಲ್ಲ. ನನ್ನ ಗಾಡಿಯ ಒಂದು ಬಾಗಿಲನ್ನು ಕೋಳಿಗಳ ಕಾಲದಲ್ಲೇ ಯಾರೋ ಕದ್ದಿದ್ದರು, ಅಲ್ಲಿ ಗೋಣಿತಾಟು. ಇನ್ನೊಂದಕ್ಕೆ ಕೀಲು ಹೋಗಿತ್ತು, ಮಗ್ಗದ ಹಗ್ಗದಲ್ಲಿ ಕಟ್ಟಿದ್ದೆ. ನಾನು ಗಾಡಿ ಹತ್ತುವುದೆಂದರೆ ಗಂಟು ಬಿಚ್ಚುವುದು, ಇಳಿಯುವುದೆಂದರೆ ಗಂಟು ಹಾಕುವುದು.

ಅವನಿಗೂ ಒಂದು ಕೊರತೆ ಇತ್ತು, ಸುಳ್ಳು ಹೇಳಬಾರದು. ತೊಟ್ಟಿಯ ಹಿಂಬಾಗಿಲು ಕಳೆದುಹೋಗಿ ಅಲ್ಲಿ ಬಡಗಿ ಮಾಡಿದ ಹಲಗೆ ಕೂತಿತ್ತು. ನನ್ನ ಹಿಂಬಾಗಿಲು ಮಾತ್ರ ಅಸಲಿ. ಕಂಪನಿಯ ಹೆಸರು ಉಬ್ಬಿನಲ್ಲಿ ಎದ್ದು ನಿಂತ ದಪ್ಪ ತಗಡು, ಒಂದು ಅಕ್ಷರವೂ ಸವೆದಿಲ್ಲ. ಅವನು ಒಮ್ಮೆ ಬಹಳ ಸಂಕೋಚದಿಂದ, "ತಮ್ಮ, ಆ ಇಂಬಾಗ್ಲ ಕೊಡಾದೇನಾರೂ ಉಂಟಾ?" ಎಂದು ಕೇಳಿದ. ನಾನು ಅವನದೇ ದನಿಯಲ್ಲಿ, "ಅಣ್ಣ, ಆ ಮುಂಬಾಗ್ಲ ಕೊಡಾದೇನಾರೂ ಉಂಟಾ?" ಎಂದೆ. ಶೆಡ್ಡೆಲ್ಲ ನಕ್ಕಿತು. ಅವನೂ ನಕ್ಕ. ಅವನ ಎರಡು ಬಾಗಿಲು ನನಗೆ ಬಂದರೆ ನನ್ನದು ಪೂರ್ತಿ ಗಾಡಿ. ನನ್ನ ಒಂದು ಅವನಿಗೆ ಹೋದರೆ ಅವನದು ಪೂರ್ತಿ ಗಾಡಿ. ಇಬ್ಬರಿಗೂ ಇದು ಗೊತ್ತಿತ್ತು.

ಮೇಸ್ತ್ರಿಯ ಮಂಡಿ ಕೈಕೊಟ್ಟ ಮೇಲೆ ನನಗೆ ಸಂಘದಲ್ಲಿ ಒಂದು ಉದ್ಯೋಗ ಸಿಕ್ಕಿತ್ತು. ಎಲ್ಲೋ ದೂರದಲ್ಲಿ ಗಾಡಿ ಕೆಟ್ಟರೆ ಮೇಸ್ತ್ರಿ ಅಲ್ಲಿಗೆ ಹೋಗುತ್ತಿರಲಿಲ್ಲ. ನಾನು ಬಸ್ಸಿನಲ್ಲಿ ಹೋಗಿ, ಇಂಜಿನ್ ಸ್ಟಾರ್ಟ್ ಮಾಡಿಸಿ, ಸದ್ದು ಕೇಳಿಸಿಕೊಂಡು, ಅದನ್ನು ಬಾಯಲ್ಲಿ ಹೊತ್ತು ತಂದು ಮೇಸ್ತ್ರಿಯ ಮುಂದೆ ಬಿಚ್ಚುವುದು. ಅವನು ಕಣ್ಣು ಮುಚ್ಚಿ ಕೇಳಿ, ಇಂಥದ್ದು ಹೋಗಿದೆ ಎಂದು ಸಾಮಾನು ತೆಗೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದ. ಮೊದಲ ಸಲ ಮಾರ್ಟಳ್ಳಿಯಿಂದ ವಾಟರ್ ಪಂಪಿನ ಕಿರುಗುಟ್ಟುವಿಕೆಯನ್ನು ತಂದಾಗ, ದಾರಿಯಲ್ಲಿ ಮರೆತುಹೋದೀತೆಂದು ಬಸ್ಸಿನಲ್ಲಿ ಕೂತು ಉದ್ದಕ್ಕೂ ಕಿರ್ರ್ ಕಿಚ್, ಕಿರ್ರ್ ಕಿಚ್ ಎನ್ನುತ್ತಲೇ ಬಂದೆ. ಪಕ್ಕದ ಹೆಂಗಸು ಮಡಿಲಿನ ಮಗುವನ್ನು ಆ ಕಡೆ ಸರಿಸಿಕೊಂಡು, ತಮಿಳಿನಲ್ಲಿ ಏನೋ ಮಣಮಣ ಎಂದು, ನನ್ನ ಹಣೆಗೆ ವಿಭೂತಿ ಬಳಿದಳು. ಆದರೆ ಮೇಸ್ತ್ರಿ ಕಳಿಸಿದ ಪಂಪು ಸರಿಯಾಗಿ ಕೂತಿತು. ಅಂದಿನಿಂದ ಅವನು ನನಗೆ ಹಾಕಿದ ಕಟ್ಟಳೆ ಎರಡೇ: ಸದ್ದಿಗೆ ಏನೂ ಕೂಡಿಸಬಾರದು, ದಾರಿಯಲ್ಲಿ ಬಾಯಿಗೆ ಬೇರೇನೂ ಹಾಕಬಾರದು.

"ನಿನ್ ಬಾಯಿ ನಿಂದಲ್ಲ ಕಣ್ಲಾ, ಸಂಘದ್ದು," ಎನ್ನುತ್ತಿದ್ದ.

ನನ್ನ ಗಾಡಿಯ ಸದ್ದನ್ನು ಮಾತ್ರ ಯಾರೂ ಹೊತ್ತು ತರಬೇಕಾಗಿರಲಿಲ್ಲ. ಅದಕ್ಕೇನೂ ಕಾಯಿಲೆಯಿಲ್ಲ ಎಂದು ನಾನು ನಂಬಿದ್ದೆ. ಹನೂರಿನ ಕಡೆಯಿಂದ ರೇಷ್ಮೆಗೂಡಿನ ಬುಟ್ಟಿಗಳನ್ನು ಹೇರಿಕೊಂಡು ಕೊಳ್ಳೇಗಾಲಕ್ಕೆ ತರುವುದು ನನ್ನ ಬಾಡಿಗೆ. ಓಡಿಸುವಾಗ ನನ್ನ ಬಾಯಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಎದುರು ಬಂದ ಬಸ್ಸಿನ ಹಾರನ್ನು, ಎತ್ತಿನ ಗಂಟೆ, ಗೂಡು ಕೊಟ್ಟ ರೈತ ಚೌಕಾಸಿ ಮಾಡಿದ್ದು, ಎಲ್ಲವನ್ನೂ ಮಾಡುತ್ತ ಬರುತ್ತಿದ್ದೆ. ಶೆಡ್ಡಿನ ಮುಂದೆ ಖಾಲಿ ಗಾಡಿ ನಿಲ್ಲಿಸಿದಾಗ ಅದು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಮೇಸ್ತ್ರಿ ಕೇಳಿದ್ದು ಆ ಗುರುಗುಟ್ಟುವಿಕೆಯನ್ನಷ್ಟೇ.

ಹೀಗಿರುವಾಗ ನಮ್ಮ ಬೀದಿಯಲ್ಲೇ, ನಮ್ಮ ಮನೆಯಿಂದ ನಾಲ್ಕನೇ ಮನೆಯಲ್ಲಿ ಮದುವೆ ಎದ್ದಿತು. ಹೆಣ್ಣು ಹನೂರು. ಗಂಡನ್ನು ಕರೆದುಕೊಂಡು ಹೋಗಲು ಪಿಕಪ್ ಬೇಕು. ಬೀದಿಯಲ್ಲಿ ಪಿಕಪ್ ಇದ್ದವನು ನಾನೊಬ್ಬ. ನಾನು ಆಗಲೇ ತೊಟ್ಟಿ ತೊಳೆದು, ಸೀಟಿಗೆ ಹಳೆಯ ರೇಷ್ಮೆ ಸೀರೆಯ ತುಂಡು ಹೊದಿಸಿದ್ದೆ. ಬೆಳಿಗ್ಗೆ ನೋಡುತ್ತೇನೆ, ಯಳಂದೂರಿನ ಹಸಿರು ಗಾಡಿ ಬಾಳೆಕಂದು ಕಟ್ಟಿಸಿಕೊಂಡು ನಮ್ಮ ಬೀದಿಯಲ್ಲಿ ನಿಂತಿದೆ! ಗಂಡಿನ ತಾಯಿ ನನ್ನ ಮುಖ ನೋಡಿ ಸಮಾಧಾನ ಹೇಳಿದಳು.

"ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ನಿನ್ ಗಾಡೀಲಿ ಗೂಡಿನ್ ವಾಸ್ನೆ. ಗಂಡು ಉಳ ಬಿದ್ದಂಗ್ ನಾರ್ತಾನೆ ಅಂತ ಎಣ್ಣಿನ್ ಕಡೇರು ಅಂದ್ರೆ?"

ಗಂಡು ಹತ್ತಿ ಕೂತ. ಠಪ್. ಆ ಸದ್ದು ನನ್ನ ಎದೆಯ ಮೇಲೇ ಮುಚ್ಚಿಕೊಂಡಿತು. ನಮ್ಮವ್ವನೂ ತೊಟ್ಟಿಯಲ್ಲಿ ಹೆಂಗಸರ ನಡುವೆ ಕೂತು, ಹೊನ್ನೆ ಹಲಗೆ ಸವರಿ ನೋಡುತ್ತಿದ್ದಳು. ಸ್ವಂತ ಅವ್ವ!

ಮದುವೆ ಮುಗಿದ ಮಾರನೇ ದಿನ ಬಸ್ಸಿನಲ್ಲಿ ಸುದ್ದಿ ಬಂತು. ದಿಬ್ಬಣದವರನ್ನು ಹನೂರಿನಲ್ಲಿ ಇಳಿಸಿದ ಮೇಲೆ ಹಸಿರು ಗಾಡಿಯ ಇಂಜಿನ್ನಿನಲ್ಲಿ ಹೊಸ ಸದ್ದು ಶುರುವಾಗಿದೆ. ಯಳಂದೂರಣ್ಣ ಅದನ್ನು ಒಂದು ಮಾರು ಕೂಡ ಓಡಿಸಲು ಒಪ್ಪದೆ, ನಮ್ಮ ಸಂಘದ ಹನೂರಿನ ಯಜಮಾನರ ಕಣದಲ್ಲಿ ನಿಲ್ಲಿಸಿದ್ದಾನೆ. ಬಣ್ಣ, ಹಲಗೆ, ಹಿತ್ತಾಳೆ ಎಂದರೆ ಅವನು ಹುಲಿ. ಇಂಜಿನ್ನು ಎಂದರೆ ಸ್ಪ್ಯಾನರ್ ಹಿಡಿದ ಕೈ ನಡುಗುವ ಆಸಾಮಿ. ಮೇಸ್ತ್ರಿ ನನ್ನನ್ನು ಕೂಗಿ, "ಓಗ್ಲಾ, ಸದ್ದ್ ತಕಂಡ್ ಬಾ," ಎಂದ.

ಹೋದೆ. ಯಳಂದೂರಣ್ಣ ಗಾಡಿಯ ಪಕ್ಕದಲ್ಲಿ, ಆಸ್ಪತ್ರೆಯಲ್ಲಿ ಹೆಂಡತಿಯ ಮಂಚದ ಪಕ್ಕ ಕೂತವನ ಹಾಗೆ ಕೂತಿದ್ದ. ನನ್ನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದುಕೊಂಡ.

"ಬಂದ್ಯಾ ತಮ್ಮ. ನಿನ್ ಬಾಯ್ ಮೇಲದೆ ಈಗ ಇದರ್ ಜೀವ. ಸರ್ಯಾಗ್ ಕೇಳುಸ್ಕೊ."

ಸ್ಟಾರ್ಟ್ ಮಾಡಿದ. ಕೇಳಿಸಿಕೊಂಡೆ. ಚಿಟ್ ಚಿಟ್ ಚಿಟ್. ಹಲ್ಲಿ ಲೊಚಗುಟ್ಟಿದಷ್ಟು ಸದ್ದು. ಏನೋ ಒಂದು ನಟ್ಟು ಸಡಿಲವಾಗಿದೆ ಎಂದು ನನಗೇ ಗೊತ್ತಾಯಿತು. ಅವನಿಗೆ ಹೇಳಿದ್ದರೆ ಅಲ್ಲಿಗೇ ಅವನ ಮುಖ ಅರಳುತ್ತಿತ್ತು. ನಾನು ಹೇಳಲಿಲ್ಲ. ವೈದ್ಯರ ಹಾಗೆ ಗಂಭೀರವಾಗಿ ತಲೆ ಆಡಿಸಿದೆ. ಹೊರಡುವ ಮುಂಚೆ ಸುಮ್ಮನೆ ಒಮ್ಮೆ ಬಾಗಿಲು ತೆಗೆದು, ಬೆರಳಿನಿಂದ ತಳ್ಳಿದೆ. ಠಪ್. ಅವನು ಮದುವೆಮನೆಯ ಕಜ್ಜಾಯವನ್ನು ಎಲೆಯಲ್ಲಿ ಸುತ್ತಿ ನನ್ನ ಜೇಬಿಗೆ ತುರುಕಿ, "ಸದ್ದ್ ಒಪ್ಸುದ್ ಮ್ಯಾಲೆ ತಿನ್ನು," ಎಂದ. ಮೇಸ್ತ್ರಿಯ ಕಟ್ಟಳೆ ಅವನಿಗೂ ಗೊತ್ತಿತ್ತು.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಬಾಯಲ್ಲಿ ಚಿಟ್ ಚಿಟ್ ಇಟ್ಟುಕೊಂಡು ಕಾಮಗೆರೆಯವರೆಗೆ ಪ್ರಾಮಾಣಿಕನಾಗಿಯೇ ಬಂದೆ. ಅಲ್ಲಿ ಯಾರೋ ಬಸ್ಸಿನ ಬಾಗಿಲನ್ನು ದಢಾರನೆ ಹಾಕಿದರು. ಆ ದಢಾರಿಗೆ ನನಗೆ ಠಪ್ ನೆನಪಾಯಿತು. ಠಪ್ಪಿನಿಂದ ಗಂಡು, ಗಂಡಿನಿಂದ ಗೂಡಿನ ವಾಸನೆ, ವಾಸನೆಯಿಂದ ಹೊನ್ನೆ ಹಲಗೆ ಸವರುತ್ತಿದ್ದ ನಮ್ಮವ್ವ. ಮೇಸ್ತ್ರಿ "ಏಳಲ್ಲ" ಎಂದುಬಿಟ್ಟರೆ? ಅದೇ ಕಂಪನಿಯ ಗಾಡಿ ಇರುವವನು ನಾನೊಬ್ಬನೇ. ಮೊದಲು ಆರಿಸುವವನು ನಾನೇ. ಕೈ ತಾನಾಗಿ ಜೇಬಿಗೆ ಹೋಯಿತು. ಕಜ್ಜಾಯ ಒಳಗೆ ಹೋಯಿತು, ಚಿಟ್ ಚಿಟ್ ಅದರ ಜೊತೆಗೆ ಗಂಟಲಿಳಿಯಿತು.

ಅದರ ಜಾಗಕ್ಕೆ ಇನ್ನೊಂದು ಬೇಕಲ್ಲ. ಇಂಜಿನ್ನಿಗೆ ಬರಬಹುದಾದ ಅತಿ ಕೆಟ್ಟ ಸದ್ದು ಯಾವುದು ಎಂದು ಯೋಚಿಸಿದೆ. ಹುಡುಕಬೇಕಾಗಿಯೇ ಬರಲಿಲ್ಲ. ಎದೆಯೊಳಗಿಂದ ತಾನಾಗಿ ಎದ್ದು ಬಂತು, ಡೊಕ್ಕು ಡೊಕ್ಕು ಎಂದು, ಒನಕೆಯನ್ನು ಒದ್ದೆ ನೆಲಕ್ಕೆ ಕುಕ್ಕಿದ ಹಾಗೆ, ಎರಡು ಕುಕ್ಕಿನ ನಡುವೆ ಸಣ್ಣದೊಂದು ತಡವರಿಕೆ. ಇಷ್ಟು ಚೆನ್ನಾಗಿ ಹೇಗೆ ಕಟ್ಟಿದೆನಪ್ಪ ಎಂದು ನನ್ನ ಪ್ರತಿಭೆಗೆ ನಾನೇ ಬೆರಗಾದೆ.

ಶೆಡ್ಡಿನಲ್ಲಿ ಮೇಸ್ತ್ರಿ ಕಣ್ಣು ಮುಚ್ಚಿದ. ನಾನು ಡೊಕ್ಕು ಡೊಕ್ಕು ಶುರು ಮಾಡಿದೆ. ಅವನ ಬೀಡಿ ತುಟಿಯ ಮೇಲೇ ನಿಂತಿತು.

"ಇನ್ನೊಂದ್ ಕಿತ."

ಮಾಡಿದೆ.

"ಏರ್ ಅತ್ತುವಾಗ?"

ಏರು ಹತ್ತುವಾಗ ಆಗುವ ಹಾಗೆ ಇನ್ನಷ್ಟು ಒತ್ತಿ ಮಾಡಿದೆ. ಅವನು ಕಣ್ಣು ತೆರೆದ. ಮುಖ ಸಣ್ಣದಾಗಿತ್ತು.

"ಬೇರಿಂಗ್ ತಿಂದ್ಬುಟ್ಟದೆ. ಕ್ರ್ಯಾಂಕ್ ಆಗ್ಲೇ ಸಾಣೆ ಕೊಟ್ಟೂ ಕೊಟ್ಟೂ ಕಡ್ಡಿ ಆಗ್ಬುಟ್ಟದೆ, ಇನ್ ಅದ್ರಲ್ಲಿ ತಗಿಯಾಕೆ ಏನೂ ಇಲ್ಲ. ಇದು ಏಳೋ ಗಾಡಿ ಅಲ್ಲ ಕಣ್ಲಾ." ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳಿದ. "ಆದ್ರೂ ಆ ಮಾತ ನಾನು ಗಾಡಿ ಮುಂದ್ ನಿಂತೇ ಯೋಳ್ಬೇಕು. ನಾಳೆ ಒತ್ತಾರೆ ನಿನ್ ಗಾಡೀಲೇ ಓಗನ. ಎಳ್ಕಂಡ್ ಬರಾಕೆ ಅಗ್ಗ ತಕಾ."

ಸಂಜೆ ಮನೆಗೆ ಹೋಗಿ ಅವ್ವನಿಗೆ, "ನನ್ ಗಾಡಿಗೆ ಒಸ ಬಾಗ್ಲು ಬತ್ತವೆ ಕಣವ್ವ," ಎಂದೆ. ಅವಳು ಕದುರು ತಿರುಗಿಸುತ್ತಲೇ, "ಗಾಡಿಗ್ ಬ್ಯಾಡ, ನಿನ್ ಬಾಯ್ಗೊಂದ್ ಆಕುಸ್ಕೊ," ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೂ ನಾನು ಅರ್ಧ ಊಟಕ್ಕೇ ಎದ್ದುಬಿಟ್ಟೆ.

ಬೆಳಿಗ್ಗೆ ಹೊರಟೆವು. ಮೇಸ್ತ್ರಿ ಕೆಟ್ಟ ಮಂಡಿಯನ್ನು ಚಾಚಿ ನನ್ನ ಪಕ್ಕದಲ್ಲಿ ಕೂತ. ತೊಟ್ಟಿಯಲ್ಲಿ ಸಾಮಾನಿನ ಪೆಟ್ಟಿಗೆ, ದಪ್ಪ ಹಗ್ಗ, ದಾರಿಯಲ್ಲಿ ಹೇರಿಕೊಂಡ ಗೊಬ್ಬರದ ಮೂಟೆಗಳು, ಅದರ ಮೇಲೆ ಸಂಘದ ಇಬ್ಬರು. ಹನೂರಿನಲ್ಲಿ ಆ ಗಾಡಿ ಸ್ಟಾರ್ಟ್ ಆದ ಕೂಡಲೇ ಚಿಟ್ ಚಿಟ್ ಎನ್ನುತ್ತದೆ, ಆಗ ಏನು ಹೇಳುವುದು ಎಂಬ ಯೋಚನೆ ನನಗೆ ಆಗ ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ ಎಂದರೆ ನನ್ನ ತಲೆ ಎಂಥದ್ದೆಂದು ನೀವೇ ತಿಳಿಯಿರಿ. ಹೆದರಿಕೆಗೆ ನನ್ನ ಬಾಯಿ ಒಣಗಿ ಮುಚ್ಚಿಹೋಯಿತು. ಎದುರಿಗೆ ಬಸ್ಸು ಬಂತು, ಹಾರನ್ ಹೊಡೆಯಿತು, ನಾನು ಮಾಡಲಿಲ್ಲ. ಎತ್ತಿನ ಗಾಡಿ ಬಂತು, ಗಂಟೆ ಆಡಿತು, ಅದನ್ನೂ ಮಾಡಲಿಲ್ಲ. ಗಾಡಿ ಓಡಿಸಲು ಕಲಿತ ಮೇಲೆ ನಾನು ಬಾಯಿ ಮುಚ್ಚಿಕೊಂಡು ಸ್ಟೇರಿಂಗು ಹಿಡಿದದ್ದು ಅದೇ ಮೊದಲು.

ಕಾಮಗೆರೆ ದಾಟಿ ಏರು ಶುರುವಾಯಿತು. ಗೇರು ಇಳಿಸಿ ಒತ್ತಿದೆ.

ಡೊಕ್ಕು. ಡೊಕ್ಕು. ಡೊಕ್ಕು.

ನನ್ನ ಬಾಯೇ ಅಭ್ಯಾಸಬಲದಿಂದ ಮಾಡುತ್ತಿದೆಯೇನೋ ಎಂದು ಒಂದು ಕೈ ಬಿಟ್ಟು ತುಟಿ ಮುಟ್ಟಿ ನೋಡಿಕೊಂಡೆ. ತುಟಿ ಮುಚ್ಚಿತ್ತು. ಸದ್ದು ಕಾಲಿನ ಕೆಳಗಿನಿಂದ ಬರುತ್ತಿತ್ತು. ಒನಕೆ, ಒದ್ದೆ ನೆಲ, ನಡುವಿನ ಆ ಸಣ್ಣ ತಡವರಿಕೆ, ಎಲ್ಲ ಇತ್ತು. ದಿನಾ ನನ್ನ ಸೀಟಿನಡಿ ಅದು ಕುಕ್ಕುತ್ತಲೇ ಇತ್ತು. ಊರವರ ಸದ್ದನ್ನೆಲ್ಲ ಮಾಡುವ ಗಲಾಟೆಯಲ್ಲಿ ನನಗೆ ಕೇಳಿಸಿರಲಿಲ್ಲ. ಎದೆಗೆ ಮಾತ್ರ ಕೇಳಿಸಿತ್ತು.

ಮೇಸ್ತ್ರಿ ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದ.

"ನೆನ್ನೆ ಸದ್ದ ಇನ್ನೊಂದ್ ಕಿತ ಮಾಡು."

"ಈಗ್ಲಾ ಮೇಸ್ತ್ರಿ?"

"ಈಗ್ಲೆ."

ಮಾಡಿದೆ. ಬಾಯೂ ಇಂಜಿನ್ನೂ ಭಜನೆಯ ತಾಳದ ಹಾಗೆ ಕೂಡಿಕೊಂಡು ಏರು ಹತ್ತಿದವು.

"ಸಾಕ್ ನಿಲ್ಸು."

"ಗಾಡೀನಾ?"

"ಬಾಯ್ನ. ಗಾಡಿ ಊರ್ ಮುಟ್ಲಿ."

ಹನೂರು ಮುಟ್ಟಿದೆವು. ಅಲ್ಲಿ ಕಣದಲ್ಲಿ ಯಳಂದೂರಣ್ಣ ಹಸಿರು ಗಾಡಿಯ ಮುಂದೆ ನಿಂತಿದ್ದ. ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು, ಗಾಡಿಗೂ ಕುಂಕುಮ ಇಟ್ಟಿದ್ದ. ಕಳಿಸಿಕೊಡಲು ತಯಾರಾದವನ ಹಾಗೆ. ಮೇಸ್ತ್ರಿ ಇಳಿದು ಕುಂಟುತ್ತ ಹೋಗಿ ಸ್ಟಾರ್ಟ್ ಮಾಡಿಸಿದ. ಚಿಟ್ ಚಿಟ್ ಚಿಟ್. ಮುಚ್ಚಳ ತೆಗೆಸಿ, ವಾಲ್ವಿನ ಪಕ್ಕದ ಸಡಿಲವಾದ ನಟ್ಟನ್ನು ಬಿಗಿದ. ಯಜಮಾನರ ಮನೆಯಿಂದ ಬಂದ ಕಾಫಿ ಆರುವುದರೊಳಗೆ ಸದ್ದು ನಿಂತಿತು. ಯಳಂದೂರಣ್ಣ ಬಾನೆಟ್ಟಿನ ಮೇಲೆ ಎರಡು ಕೈ ಇಟ್ಟು ಹಾಗೇ ನಿಂತುಬಿಟ್ಟ.

"ಇವ್ನು ನನ್ ಮುಂದ್ ತಂದಿದ್ ಸದ್ದೇ ಬ್ಯಾರೆ," ಎಂದು ಮೇಸ್ತ್ರಿ ನನ್ನ ಕಡೆ ಗದ್ದ ತೋರಿಸಿದ. "ಡೊಕ್ ಡೊಕ್ ಅಂತ ಬೇರಿಂಗ್ ಸದ್ದ ತಂದಿದ್ದ. ಅದ್ಕೇ ಅಗ್ಗ ತಕಂಡ್ ಬಂದ್ವಿ."

ಎಲ್ಲರೂ ನನ್ನ ಮುಖ ನೋಡಿದರು. ಯಳಂದೂರಣ್ಣನೂ ನೋಡಿದ. ನೋಡಿ ನಕ್ಕುಬಿಟ್ಟ.

"ಬುಡಿ ಮೇಸ್ತ್ರಿ. ಉಡ್ಗ, ಬಸ್ಸಲ್ಲಿ ಕಜ್ಜಾಯ ತಿಂದಿರ್ತಾನೆ. ಸದ್ದ್ ಮರ್ತೋಗ್ಬುಟ್ಟದೆ. ನಂದೇ ತಪ್ಪು, ಕಟ್ಕೊಟ್ಟಿದ್ದು ನಾನು."

ಬಾಗಿಲು, ಬಣ್ಣ, ಹಲಗೆ ಎಲ್ಲದರಲ್ಲೂ ಗೆದ್ದದ್ದು ಸಾಲದೆಂದು ಒಳ್ಳೆಯತನದಲ್ಲೂ ಗೆಲ್ಲಬೇಕೇ ಈ ಮನುಷ್ಯ! ಆಗಲೂ ನನಗೆ ಉರಿಯಿತು. ಆದರೆ ಅವನು ತೆರೆದ ಆ ದಾರಿಯಲ್ಲಿ ನಾನು ಬಾಲ ಮಡಚಿಕೊಂಡು ನುಗ್ಗಿದೆ. "ಊಂ ಕಣಣ್ಣ, ಮರ್ತೋಯ್ತು. ಕಜ್ಜಾಯ ಬೋ ಚೆನ್ನಾಗಿತ್ತು," ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮೇಸ್ತ್ರಿ ಆ ಹಗ್ಗವನ್ನು ತರಿಸಿದ. ಒಂದು ತುದಿಯನ್ನು ನನ್ನ ಗಾಡಿಯ ಹಿಂದಿನ ಆಕ್ಸಲ್ಲಿಗೂ ಇನ್ನೊಂದನ್ನು ಕಣದ ಬೇವಿನ ಮರಕ್ಕೂ ಕಟ್ಟಿಸಿದ. "ಅತ್ತು. ಫಸ್ಟ್ ಗೇರಿಗಾಕಿ ಎಳಿ," ಎಂದ. ನಾನು ಗಂಟು ಬಿಚ್ಚಿ ಹತ್ತಿದೆ, ಗೇರು ಹಾಕಿದೆ. ಹಗ್ಗ ಬಿಗಿಯಿತು. ಡೊಕ್ಕು, ಡೊಕ್ಕು, ಡೊಕ್ಕು. ಬೇವಿನ ಮರದಿಂದ ಕಾಗೆಗಳು ಎದ್ದವು. ಹನೂರಿನ ಯಜಮಾನರು ಬಾಯಲ್ಲಿದ್ದ ಎಲೆಅಡಿಕೆಯನ್ನು ಅಗಿಯುವುದು ನಿಲ್ಲಿಸಿದರು. ಇಂಜಿನ್ನು ಬಲ್ಲ ಯಾರಿಗೂ ಇನ್ನೊಮ್ಮೆ ಕೇಳಬೇಕಾಗಿರಲಿಲ್ಲ.

ಮೇಸ್ತ್ರಿ ನನ್ನ ಬಾ‌ನೆಟ್ಟಿನ ಮೇಲೆ ಅಂಗೈಯಿಟ್ಟ. ನಾವಿಬ್ಬರೂ ಸೇರಿ ಒಂದು ವರ್ಷ ಕೂತು ಎಬ್ಬಿಸಿದ ಗಾಡಿ ಅದು, ಅದರ ಕ್ರ್ಯಾಂಕಿಗೂ ಆಗಲೇ ಕೊನೆಯ ಸಾಣೆ ಆಗಿಹೋಗಿತ್ತು. ಅವನ ದನಿಯಲ್ಲಿ ಬೈಗುಳವಿರಲಿಲ್ಲ.

"ಏಳಲ್ಲ," ಎಂದ.

ಆಮೇಲೆ ಯಳಂದೂರಣ್ಣನ ಕಡೆ ತಿರುಗಿ, "ಒಂದೇ ಕಂಪ್ನಿ ಗಾಡಿ ನಿಂದೇಯ. ಮೊದ್ಲು ನೀನ್ ಆರುಸ್ಕೊ," ಎಂದ.

ಯಳಂದೂರಣ್ಣ ಬೇಡವೆಂದಾನು ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಒಳ್ಳೆಯವನು, ಅನ್ನಬಾರದೇ? ಅವನು ನಿಧಾನವಾಗಿ ನನ್ನ ಗಾಡಿಯನ್ನು ಸುತ್ತಿ ಹಿಂದಕ್ಕೆ ಹೋದ. ಹಿಂಬಾಗಿಲ ಮುಂದೆ ನಿಂತು, ಆ ಉಬ್ಬು ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಗಾಡಿಯಿಂದ ಧುಮುಕಿ ಓಡಿಹೋಗಿ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಕಜ್ಜಾಯದ ನೆಪವೆಲ್ಲ ಮರೆತುಹೋಯಿತು.

"ಮೇಸ್ತ್ರಿ, ಆ ಸದ್ದ ನಂಬ್ಬ್ಯಾಡಿ! ಅದು ನಾನೇ ಕಟ್ಟಿದ್ದು, ಸುಳ್ ಸದ್ದು! ಅಣ್ಣ, ನಿಮ್ ಬಾಗ್ಲ ಮೇಲಿನ್ ಒಟ್ಟೆಕಿಚ್ಚಿಗೆ ಬೇಕಂತ್ಲೇ ಸುಳ್ಳೇಳ್ದೆ ಕಣಣ್ಣ, ನಾನ್ ಸುಳ್ಳೇಳ್ದೆ!"

ಯಳಂದೂರಣ್ಣ ನನ್ನ ಭುಜ ಹಿಡಿದು, ಮಗುವನ್ನು ಸರಿಸುವ ಹಾಗೆ ಹಿಂಬಾಗಿಲಿಂದ ಪಕ್ಕಕ್ಕೆ ಸರಿಸಿ, ಅದೇ ಮೆತ್ತಗಿನ ದನಿಯಲ್ಲಿ ಹೇಳಿದ.

"ನೀನ್ ಸುಳ್ಳೇಳ್ದೆ ಕಣ್ ತಮ್ಮ. ನಿನ್ ಗಾಡಿ ಸುಳ್ ಏಳ್ತಿಲ್ವಲ್ಲ."